ಟ್ಯಾಂಕಿನ ಬಾಕಿ

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಒಂದು ಮನೆಗೆ ಅಮೀನರು ಜಪ್ತಿಗೆ ಬಂದಿದ್ದರು. ತಾಮ್ರದ ಹಂಡೆ, ಹೊಲಿಗೆ ಯಂತ್ರ, ಗೋಡೆ ಗಡಿಯಾರ ಎಲ್ಲ ಜಗಲಿಗೆ ಬಂತು. ಆ ಮನೆಯ ಅಜ್ಜಿ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, "ಇದೊಂದನ್ನ ಬಿಟ್ಟು ಏನು ಬೇಕಾದ್ರೂ ತಗೊಂಡು ಹೋಗ್ರಪ್ಪ" ಅಂದರು. ಅಮೀನರಿಗೇ ನಗು ಬಂತು. ಸಾಲಕ್ಕೆ ಯಾರಾದರೂ ಮನುಷ್ಯರನ್ನು ಎತ್ತಿಕೊಂಡು ಹೋಗ್ತಾರಾ?

ಹೋಗ್ತಾರೆ. ಸರ್ಕಾರಗಳೇ ಹೋಗ್ತವೆ.

2016ರ ಏಪ್ರಿಲ್ 3. ಟೆಹರಾನಿನ ಇಮಾಮ್ ಖೊಮೇನಿ ವಿಮಾನ ನಿಲ್ದಾಣ. ನಜನೀನ್ ಜಘಾರಿ ರ್‍ಯಾಟ್‌ಕ್ಲಿಫ್ ಲಂಡನ್ನಿಗೆ ವಾಪಸ್ ಹೊರಟಿದ್ದರು. ಹುಟ್ಟಿದ್ದು ಇರಾನಿನಲ್ಲಿ, ಮದುವೆಯಾಗಿ ನೆಲೆಸಿದ್ದು ಇಂಗ್ಲೆಂಡಿನಲ್ಲಿ. ನೌರೋಜ್ ಅಂದರೆ ಇರಾನಿಯರ ಹೊಸ ವರ್ಷ, ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಹಬ್ಬಕ್ಕೆ ತವರಿಗೆ ಬಂದಿದ್ದರು, ಅಷ್ಟೇ. ಕಂಕುಳಲ್ಲಿ 22 ತಿಂಗಳ ಮಗಳು ಗೇಬ್ರಿಯೆಲಾ.

ಇರಾನಿನ ರೆವಲ್ಯೂಷನರಿ ಗಾರ್ಡ್ಸ್ ಸೇನಾಪಡೆಯವರು ಅಲ್ಲೇ ತಡೆದರು. ಮಗು ಅಜ್ಜ ಅಜ್ಜಿಯ ಕೈಗೆ ಹೋಯಿತು. ಮಗುವಿನ ಬ್ರಿಟಿಷ್ ಪಾಸ್‌ಪೋರ್ಟನ್ನೂ ಕಿತ್ತುಕೊಂಡರು. ತಾಯಿಯನ್ನು ದಕ್ಷಿಣದ ಕೆರ್ಮಾನ್ ಊರಿಗೆ ಸಾಗಿಸಿ, ಒಂಟಿ ಕೋಣೆಯಲ್ಲಿ ಇಟ್ಟರು. ಸರ್ಕಾರ ಉರುಳಿಸಲು ಸಂಚು ಮಾಡಿದ್ದಾರೆ ಅನ್ನುವ ಆರೋಪ. ಐದು ವರ್ಷ ಶಿಕ್ಷೆ. ಸೆರೆ ಟೆಹರಾನಿನ ಎವಿನ್ ಜೈಲಿನಲ್ಲಿ.

ಬ್ರಿಟಿಷ್ ರಾಯಭಾರ ಕಚೇರಿಯವರು ಹೋಗಿ ನೋಡಬಹುದಿತ್ತಲ್ಲ ಅಂತ ನಿಮಗೆ ಅನಿಸಬಹುದು. ಪರದೇಶದಲ್ಲಿ ಸೆರೆಯಾದವರನ್ನು ಅವರ ದೇಶದ ಅಧಿಕಾರಿಗಳು ಕಾಣಲು ಬಿಡಬೇಕು ಅಂತ 1963ರ ವಿಯೆನ್ನಾ ಒಪ್ಪಂದವೇ ಹೇಳುತ್ತದೆ. ಆದರೆ ಇರಾನ್ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ನೀನು ನಮ್ಮವಳು, ಬ್ರಿಟನ್ನಿನವರಿಗೆ ಇಲ್ಲೇನು ಕೆಲಸ ಅನ್ನುತ್ತದೆ. ಹುಟ್ಟಿದ ನಂಟೇ ಬೇಡಿಯಾಯಿತು. ನಮ್ಮಲ್ಲೂ ಎರಡು ಪೌರತ್ವ ಇಲ್ಲ, ಅದು ಬೇರೆ ಮಾತು. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ನಮ್ಮ ಮಕ್ಕಳು ಓಸಿಐ ಕಾರ್ಡು ಹಿಡಿದು ಬೆಂಗಳೂರಿಗೆ ಬರುತ್ತಾರಲ್ಲ, ಅವರನ್ನು ನಮ್ಮ ಕಾನೂನು ವಿದೇಶಿಯರು ಅಂತಲೇ ನೋಡುತ್ತದೆ.

ಈಗ ಸಾಲದ ಕಥೆಗೆ ಬರೋಣ. 1970ರ ದಶಕದಲ್ಲಿ ಇರಾನಿನ ದೊರೆ ಶಾ ಬ್ರಿಟನ್ನಿನಿಂದ ಚೀಫ್‌ಟನ್ ಟ್ಯಾಂಕುಗಳನ್ನು ತರಿಸಲು ಹೊರಟಿದ್ದರು. ಒಂದೆರಡಲ್ಲ, 1,500ಕ್ಕೂ ಜಾಸ್ತಿ. ದುಡ್ಡು ಮುಂಗಡವಾಗಿಯೇ ಕೊಟ್ಟಾಗಿತ್ತು. ಬಂದಿದ್ದು ಮಾತ್ರ 185. ಅಷ್ಟರಲ್ಲಿ 1979ರ ಕ್ರಾಂತಿ ಬಂತು, ಶಾ ದೇಶ ಬಿಟ್ಟರು, ಬ್ರಿಟನ್ ಉಳಿದ ಟ್ಯಾಂಕು ಕೊಡಲಿಲ್ಲ. ದುಡ್ಡನ್ನೂ ಹಿಂದಿರುಗಿಸಲಿಲ್ಲ. ಮಧ್ಯಸ್ಥಿಕೆಯ ತೀರ್ಪು ಇರಾನಿನ ಪರ ಬಂದ ಮೇಲೂ ವ್ಯಾಜ್ಯ ಎಳೆಯುತ್ತಲೇ ಹೋಯಿತು, ನಡುವೆ ಇರಾನಿನ ಮೇಲಿನ ಆರ್ಥಿಕ ನಿರ್ಬಂಧಗಳ ನೆಪ ಬೇರೆ. ನಿಜ ಹೇಳಬೇಕೆಂದರೆ ಬ್ರಿಟನ್ ಸಾಲಗಾರನೇ. ಆದರೆ ಬಾಕಿ ವಸೂಲಿಗೆ ಬಾಣಂತನ ಮುಗಿಸಿ ಎರಡು ವರ್ಷವೂ ಆಗದ ಹೆಂಗಸನ್ನು ಹಿಡಿದಿಡುವುದಾ?

ಇದು ಸುಮ್ನೆ ಊಹೆಯಲ್ಲ. ಬ್ರಿಟಿಷರಿಂದ ನಮಗೆ ಏನೋ ಬರಬೇಕು, ಅದು ಬರುವ ತನಕ ನಿನ್ನನ್ನು ಬಿಡುವುದಿಲ್ಲ ಅಂತ ವಿಚಾರಣೆ ಮಾಡುವವರೇ ಹೇಳಿದ್ದರು ಅಂತ ನಜನೀನ್ ಆಮೇಲೆ ತಿಳಿಸಿದರು. ಈ ದಾರಿಯಲ್ಲಿ ದುಡ್ಡು ಬರುತ್ತದೆ ಅನ್ನುವುದು ಇರಾನಿಗೆ ಆಗಲೇ ಗೊತ್ತಿತ್ತು. ನಜನೀನ್ ಸೆರೆಯಾದ ವರ್ಷವೇ, 2016ರ ಜನವರಿಯಲ್ಲಿ ಅಮೆರಿಕ 40 ಕೋಟಿ ಡಾಲರ್ ಮೊತ್ತವನ್ನು ನಗದಾಗಿ ವಿಮಾನದಲ್ಲಿ ಕಳಿಸಿತ್ತು. ಅದೂ ಶಾ ಕಾಲದ ಆಯುಧದ ಬಾಕಿಯೇ! ಆಗಲೇ ಅಮೆರಿಕದ ಪತ್ರಕರ್ತ ಜೇಸನ್ ರೆಜಾಯಿಯಾನ್ ಇರಾನಿನಲ್ಲಿ 544 ದಿನದ ಸೆರೆವಾಸ ಮುಗಿಸಿ ಹೊರಬಂದಿದ್ದು. ಮೂರು ತಿಂಗಳೂ ಕಳೆಯಲಿಲ್ಲ, ನಜನೀನ್ ಒಳಗೆ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. 2017ರ ನವೆಂಬರ್‌ನಲ್ಲಿ ಆಗಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್, ಆಕೆ ಅಲ್ಲಿ ಜನರಿಗೆ ಪತ್ರಿಕೋದ್ಯಮ ಹೇಳಿಕೊಡುತ್ತಿದ್ದರು ಅಂದುಬಿಟ್ಟರು. ಸಂಸತ್ ಸಮಿತಿಯ ಮುಂದೆ! ಹಾಗೇನೂ ಇರಲಿಲ್ಲ. ಮೂರೇ ದಿನಕ್ಕೆ ನಜನೀನ್‌ರನ್ನು ಕೋರ್ಟಿಗೆ ಎಳೆದು, ನೋಡಿ, ನಿಮ್ಮ ಸಚಿವರೇ ಒಪ್ಪಿಕೊಂಡಿದ್ದಾರೆ ಅಂದರು.

ನನ್ನನ್ನು ಹೆಚ್ಚು ಕಾಡಿದ್ದು ಆ ಮಗುವಿನ ವಿಷಯ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಾ ಗೇಬ್ರಿಯೆಲಾ ಇಂಗ್ಲಿಷ್ ಮರೆತಳು. ಇರಾನಿನ ಫಾರ್ಸಿ ಭಾಷೆ ಮಾತಾಡತೊಡಗಿದಳು. ಲಂಡನ್ನಿನಲ್ಲಿದ್ದ ಅಪ್ಪ ರಿಚರ್ಡ್ ಫೋನಿನ ಪರದೆಯಲ್ಲಿ ಮಗಳ ಮುಖ ನೋಡುತ್ತಾರೆ, ಇವರ ಮಾತು ಅವಳಿಗೆ ತಿಳಿಯದು, ಅವಳ ಮಾತು ಇವರಿಗೆ ಅಷ್ಟಕ್ಕಷ್ಟೆ. ಜೈಲಿನ ಭೇಟಿಯ ದಿನ ಅಮ್ಮನ ಮಡಿಲು, ಆಮೇಲೆ ಮತ್ತೆ ಅಜ್ಜಿಯ ಮನೆ. 2019ರ ಅಕ್ಟೋಬರ್‌ನಲ್ಲಿ ಶಾಲೆಗೆ ಸೇರಿಸಲೆಂದು ಅವಳನ್ನು ಲಂಡನ್ನಿಗೆ ಕಳಿಸಿದರು. ಅಪ್ಪ ಸಿಕ್ಕರು, ಅಮ್ಮ ಆಚೆ ಉಳಿದರು.

ರಿಚರ್ಡ್ ಕೂತಲ್ಲಿ ಕೂರಲಿಲ್ಲ. 2021ರಲ್ಲಿ ಲಂಡನ್ನಿನ ವಿದೇಶಾಂಗ ಕಚೇರಿಯ ಎದುರು ಟೆಂಟ್ ಹಾಕಿ 21 ದಿನ ಉಪವಾಸ ಮಾಡಿದರು. ಇರಾನಿನ ರಾಯಭಾರ ಕಚೇರಿಯ ಎದುರಲ್ಲ, ತಮ್ಮದೇ ಸರ್ಕಾರದ ಎದುರು. ನನಗಂತೂ ಅದು ಸರಿ ಅನಿಸುತ್ತದೆ. ಬಾಕಿ ಇಟ್ಟುಕೊಂಡವರು ಇವರೇ ಅಲ್ವಾ?

2022ರ ಮಾರ್ಚ್. ಬ್ರಿಟನ್ 39 ಕೋಟಿ 38 ಲಕ್ಷ ಪೌಂಡ್ ಪಾವತಿ ಮಾಡಿತು. ನಮ್ಮ ಲೆಕ್ಕದಲ್ಲಿ ಸುಮಾರು 3,900 ಕೋಟಿ ರೂಪಾಯಿ. ಸಾಲವೇ ಬೇರೆ, ಸೆರೆಯೇ ಬೇರೆ ಅಂತ ವರ್ಷಗಟ್ಟಲೆ ಹೇಳಿದ್ದಾಯಿತು. ಆದರೆ ದುಡ್ಡು ಹೋದ ಸುದ್ದಿಯೂ ನಜನೀನ್ ಹೊರಟ ಸುದ್ದಿಯೂ ಬಂದದ್ದು ಒಂದೇ ದಿನ, ಮಾರ್ಚ್ 16ರಂದು. ಜೊತೆಗೆ ಅನೂಷೆ ಅಶೂರಿ ಅನ್ನುವ ನಿವೃತ್ತ ಎಂಜಿನಿಯರ್ ಕೂಡ ಬಿಡುಗಡೆಯಾದರು. ತಾಯಿಯನ್ನು ನೋಡಲು ಹೋಗಿ 2017ರಲ್ಲಿ ಸಿಕ್ಕಿಬಿದ್ದವರು ಅವರು.

ಒಮಾನ್ ದಾರಿಯಾಗಿ ಬಂದ ವಿಮಾನ ನಡುರಾತ್ರಿ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಇಳಿಯಿತು. ಮೆಟ್ಟಿಲಿಳಿದು ಬರುತ್ತಿದ್ದವರನ್ನು ನೋಡುತ್ತಾ ಏಳು ವರ್ಷದ ಗೇಬ್ರಿಯೆಲಾ ಕೇಳಿದಳು, ಅದು ಅಮ್ಮನಾ ಅಂತ.

ಬರಬೇಕಾದ ಇನ್ನೊಬ್ಬರು ಅಂದು ಬರಲಿಲ್ಲ. ಮೊರಾದ್ ತಾಹ್‌ಬಾಜ್, ಚೀತಾಗಳ ಉಳಿವಿಗೆ ದುಡಿದವರು. ಹುಟ್ಟಿದ್ದು ಲಂಡನ್ನಿನಲ್ಲಿ, ಆದರೆ ಅಮೆರಿಕದ ಪೌರತ್ವವೂ ಇತ್ತು. ಹಾಗಾಗಿ ಅವರ ಲೆಕ್ಕ ಇನ್ನೊಂದು ಖಾತೆಗೆ ಹೋಯಿತು. ಆ ಖಾತೆ ಚುಕ್ತಾ ಆಗಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ನಿರ್ಬಂಧದಿಂದ ದಕ್ಷಿಣ ಕೊರಿಯಾದಲ್ಲಿ ಸಿಕ್ಕಿಕೊಂಡಿದ್ದ ಇರಾನಿನ 600 ಕೋಟಿ ಡಾಲರ್ ಕತಾರಿನ ಬ್ಯಾಂಕುಗಳಿಗೆ ಬಂದ ದಿನ, ಇತರ ನಾಲ್ವರ ಜೊತೆ ಅವರೂ ವಿಮಾನ ಹತ್ತಿದರು.

ನಮಸ್ಕಾರ.