ಬೆಂಗಳೂರಿನಿಂದ ಒಂದು ದಿನದ ಟ್ಯೂಬಿಂಗ್: ಕನ್ನಡಕ ಕಾವೇರಿ ಪಾಲು

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಐದೂ ಮುಕ್ಕಾಲು, ಬನಶಂಕರಿ ಬಸ್ ನಿಲ್ದಾಣದ ಎದುರು. ಕಂಬಕ್ಕೆ ಒರಗಿ ಆಕಳಿಸುತ್ತಿರುವವನು ನನ್ನ ತಮ್ಮ. ಪಕ್ಕದಲ್ಲಿ ಕೈ ಬೀಸುತ್ತಿರುವವಳು ನಾನು. ನನ್ನ ಮುಖದ ಮೇಲಿರುವ ಆ ಕನ್ನಡಕವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಕಪ್ಪು ಫ್ರೇಮ್, ಕಿವಿಯ ಹತ್ತಿರ ಸಣ್ಣ ಕೆಂಪು ಗೆರೆ. ಮುಂದೆ ಅದರ ಮಾತು ಬರುತ್ತದೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಈ ವಿಡಿಯೋದ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ನಾನು ಮೊದಲ ಸಲ ನೋಡಿದ್ದು ಎಡಿಟಿಂಗ್‌ಗೆ ಕೂತಾಗ. ಹೋಗಿದ್ದು ನಾನೇ, ನೀರಿಗೆ ಬಿದ್ದಿದ್ದೂ ನಾನೇ. ನೋಡಿದ್ದು ಮಾತ್ರ ಹೆಲ್ಮೆಟ್ ಮೇಲಿದ್ದ ಕ್ಯಾಮೆರಾ.

ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬಂತು. ಹನ್ನೆರಡು ಜನ. ಕನಕಪುರ ರಸ್ತೆ, ಎಡಬಲಕ್ಕೆ ಅಪಾರ್ಟ್‌ಮೆಂಟ್, ತಲೆ ಮೇಲೆ ಮೆಟ್ರೋ. ರೇಷ್ಮೆ ಸಂಸ್ಥೆ ಸ್ಟೇಷನ್‌ನಲ್ಲಿ ಹಸಿರು ಮಾರ್ಗ ಮುಗಿಯುತ್ತದೆ. ನನ್ನ ಲೆಕ್ಕದಲ್ಲಿ ಬೆಂಗಳೂರೂ ಅಲ್ಲಿಗೇ ಮುಗಿಯಬೇಕು. ಆದರೆ ಮುಗಿಯುವುದಿಲ್ಲ, ಇನ್ನೂ ಅರ್ಧ ಗಂಟೆ ಸೈಟ್ ಮಾರಾಟದ ಬೋರ್ಡ್‌ಗಳು. ತಿಂಡಿ ಕನಕಪುರದಲ್ಲಿ. ಇಡ್ಲಿ ಚೆನ್ನಾಗಿತ್ತು, ಚಟ್ನಿ ನೀರು. ಮುಂದಕ್ಕೆ ಹೋಗೋಣ.

ಈ ಶಾಟ್‌ನಲ್ಲಿ ಸುಮ್ನೆ ಹಿಪ್ಪುನೇರಳೆ ತೋಟ ಓಡುತ್ತಿದೆ. ಅಷ್ಟರಲ್ಲಿ ಪ್ಯಾಕೇಜಿನ ಬಗ್ಗೆ ಹೇಳುತ್ತೇನೆ. ತಲೆಗೆ 2,400 ರೂಪಾಯಿ. ತಿಂಡಿ, ಊಟ, ಗೈಡ್, ಲೈಫ್ ಜಾಕೆಟ್ ಎಲ್ಲ ಸೇರಿ. ಪೋಸ್ಟರ್ ಮೇಲೆ ದೊಡ್ಡದಾಗಿ 'ಕೇವ್ ಟ್ಯೂಬಿಂಗ್' ಅಂತ ಬರೆದಿತ್ತು. ಬುಕ್ ಮಾಡಿದ್ದು ಆ ಒಂದು ಪದಕ್ಕೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ವಿಡಿಯೋ ನೀವೂ ನೋಡಿರುತ್ತೀರಿ. ತಲೆಗೆ ಲೈಟ್ ಕಟ್ಟಿಕೊಂಡು, ರಬ್ಬರ್ ಟ್ಯೂಬಿನಲ್ಲಿ ಕೂತು, ಗುಡ್ಡದ ಹೊಟ್ಟೆಯೊಳಗೆ ಹರಿಯುವ ನದಿಯಲ್ಲಿ ತೇಲಿಕೊಂಡು ಹೋಗುತ್ತಾರೆ. ಹಳೆಯ ಮಾಯಾ ಜನ ಆ ಗುಹೆಗಳನ್ನು ಪಾತಾಳದ ಬಾಗಿಲು ಅಂತ ನಂಬಿದ್ದರು. ಅಂಥದ್ದು ಹಲಗೂರಿನಾಚೆ ಇದೆ ಅಂದರೆ ಯಾರು ಬಿಡುತ್ತಾರೆ?

ಒಂದು ನಿಮಿಷ ಯೋಚನೆ ಮಾಡಿದ್ದರೆ ನನಗೇ ಗೊತ್ತಾಗಬೇಕಿತ್ತು. ಬೆಲೀಜಿನದು ಸುಣ್ಣಕಲ್ಲು. ಮಳೆ ನೀರು ಗಾಳಿಯಲ್ಲಿ, ಮಣ್ಣಿನಲ್ಲಿ ಇರುವ ಇಂಗಾಲದ ಡೈಆಕ್ಸೈಡ್ ಕುಡಿದು ಸ್ವಲ್ಪ ಹುಳಿಯಾಗಿರುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಲಕ್ಷಾಂತರ ವರ್ಷ ಕರಗಿದರೆ ಒಳಗೆ ನದಿ ಹೋಗುವಷ್ಟು ದಾರಿ ಆಗುತ್ತದೆ. ನಮ್ಮದು? ಲಾಲ್‌ಬಾಗ್ ಬಂಡೆ ಮೇಲೆ ಕೂತು ಕಡಲೆಕಾಯಿ ತಿಂದವರಿಗೆಲ್ಲ ಗೊತ್ತು. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಇಷ್ಟು ವರ್ಷದ ಮಳೆಗೂ ಜಗ್ಗಿಲ್ಲ. ಸುಣ್ಣಕಲ್ಲಿನ ದೊಡ್ಡ ಗುಹೆ ಬೇಕು ಅಂದರೆ ಆಂಧ್ರದ ಬೇಲಂಗೆ ಹೋಗಬೇಕು. ಮೂರು ಕಿಲೋಮೀಟರಿಗೂ ಉದ್ದ ಇದೆ. ಆದರೆ ಅಲ್ಲಿ ನಡೆಯಬೇಕು, ತೇಲುವ ಹಾಗಿಲ್ಲ.

ಹಾಗಾದರೆ ಇವರು ಯಾವ ಗುಹೆ ತೋರಿಸುತ್ತಾರೆ? ತೋಟ ಮುಗಿಯಿತು. ಬಂದೆವು.

ಇದು ಕಾವೇರಿ. ಆಹಾ, ಇಷ್ಟು ಹಸಿರಾಗಿತ್ತಾ? ಇದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ, ಆಗಿನ್ನೂ ಕನ್ನಡಕ ಇತ್ತು. ಜಾಗದ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ನಿಮ್ಮಲ್ಲಿ ನಾಲ್ಕು ಜನ ಗೈಡ್ ಇಲ್ಲದೆ ಬಂದು ಇಳಿಯುತ್ತೀರಿ. ಬೇಡ. ಈ ನದಿ ಮೇಲೆ ಶಾಂತವಾಗಿ ಕಾಣುತ್ತದೆ, ಅಡಿಯಲ್ಲಿ ಸೆಳವು ಬೇರೆ. ಈ ಕಡೆ ಪ್ರತಿ ವರ್ಷ ಜನ ಮುಳುಗುತ್ತಾರೆ. ಮೊಸಳೆಯೂ ಇದೆ. ನಮ್ಮ ಗೈಡ್ ಅಣ್ಣ ನಮ್ಮನ್ನು ಇಳಿಸುವ ಮುಂಚೆ ಹತ್ತು ನಿಮಿಷ ಸುಮ್ನೆ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಎದುರು ಬಂಡೆಗಳನ್ನು ನೋಡುತ್ತಿದ್ದರು. ನಾನು ಬೀಡಿ ಬ್ರೇಕ್ ಅಂದುಕೊಂಡೆ. ಆಮೇಲೆ ತಿಳಿಯಿತು, ಅದೇ ಅವರ ಕೆಲಸ.

ಟ್ಯೂಬ್ ಅಂದರೆ ಲಾರಿ ಟ್ಯೂಬ್. ಗಾಳಿ ತುಂಬಿಸುವ ವಾಲ್ವ್ ತೊಡೆಗೆ ಚುಚ್ಚುವ ಕಡೆ ಬರದ ಹಾಗೆ ತಿರುಗಿಸಿ ಕೂರಬೇಕು. ಇದನ್ನು ಯಾರೂ ಹೇಳಲಿಲ್ಲ, ನನ್ನ ತೊಡೆ ಹೇಳಿತು. ಅವರು ಹೇಳಿದ್ದು ಮೂರೇ ಮಾತು. ಟ್ಯೂಬಿನಿಂದ ಬಿದ್ದರೆ ಅಂಗಾತ ಮಲಗಿ, ಕಾಲು ಮುಂದೆ ಇರಲಿ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ, ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕಿದರೆ ನೀರು ತಲೆ ಮೇಲೆ ಬಂದು ಒತ್ತುತ್ತದೆ. 'ಸೊಂಟ' ಅಂತ ಕೂಗಿದರೆ ಸೊಂಟ ಎತ್ತಿ.

ಇಲ್ಲಿ ನಿಲ್ಲಿಸಿ. ಈ ಫ್ರೇಮ್ ನೋಡಿ. ಗೈಡ್ ಅಣ್ಣ ನನ್ನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಾರೆ. ಗಾಳಿಯ ಸದ್ದಿಗೆ ಕೇಳಿಸುವುದಿಲ್ಲ. ಅವರು ಹೇಳುತ್ತಿರುವುದು: "ಮೇಡಂ, ಕನ್ನಡಕಕ್ಕೆ ದಾರ ಕಟ್ಕೊಳ್ಳಿ." ದಾರ ನನ್ನ ಹತ್ತಿರ ಇತ್ತು. ಗಾಂಧಿ ಬಜಾರಿನಲ್ಲಿ 120 ರೂಪಾಯಿ ಕೊಟ್ಟು ಇದಕ್ಕೇ ಅಂತ ತಂದಿದ್ದೆ. ಎಲ್ಲಿತ್ತು? ಟಿಟಿಯಲ್ಲಿ, ಬ್ಯಾಗಿನಲ್ಲಿ. ಯಾಕೆ ಕಟ್ಟಿಕೊಳ್ಳಲಿಲ್ಲ? ಹಿಂದಿನ ರಾತ್ರಿ ಕನ್ನಡಿ ಮುಂದೆ ಕಟ್ಟಿಕೊಂಡು ನೋಡಿದ್ದೆ, ಬ್ಯಾಂಕಿನಿಂದ ರಿಟೈರ್ ಆದ ನಮ್ಮ ದೊಡ್ಡಪ್ಪನ ಥರ ಕಾಣುತ್ತಿದ್ದೆ. ಕ್ಯಾಮೆರಾ ಇದೆಯಲ್ಲ! ಅದಕ್ಕೇ "ಟೈಟಾಗಿದೆ ಅಣ್ಣ, ಬೀಳಲ್ಲ" ಅಂದೆ. ಈ ಮಾತು ಮಾತ್ರ ಕ್ಲಿಯರ್ ಆಗಿ ರೆಕಾರ್ಡ್ ಆಗಿದೆ. ತಮ್ಮ ಇದನ್ನು ರಿಂಗ್‌ಟೋನ್ ಮಾಡಿಕೊಂಡಿದ್ದಾನೆ.

ಮುಂದಿನದು ನಾಲ್ಕು ಸೆಕೆಂಡ್. ಎರಡು ಬಂಡೆಗಳ ನಡುವೆ ನೀರು ಒಮ್ಮೆಗೇ ಕೆಳಗಿಳಿಯುತ್ತದೆ. ಎಷ್ಟು ಎತ್ತರ? ಮಂಡಿಯಷ್ಟು. ನನಗಾಗ ಜೋಗದ ಹಾಗೆ ಅನ್ನಿಸಿತ್ತು, ಈಗ ನೋಡಿದರೆ ನಮ್ಮ ಬೀದಿಯ ಹಂಪ್‌ಗಿಂತ ಸ್ವಲ್ಪ ಜಾಸ್ತಿ. "ಸೊಂಟ!" ಅಂತ ಕೂಗು. ನಾನು ಸೊಂಟ ಬಿಟ್ಟು ತಲೆ ಎತ್ತಿದೆ. ಟ್ಯೂಬ್ ಮಗುಚಿತು. ಹಸಿರು, ಗುಳ್ಳೆ, ಹಸಿರು, ಆಕಾಶ. ಸ್ಲೋ ಮೋಷನ್‌ನಲ್ಲಿ ಹಾಕಿದ್ದೇನೆ, ಎಡಗಡೆ ಮೂಲೆಯಲ್ಲಿ ಒಂದು ಕೆಂಪು ಗೆರೆ ಹಾದುಹೋಗುತ್ತದೆ ನೋಡಿ. ಅದೇ. ನಮ್ಮಿಬ್ಬರ ಕೊನೆಯ ಭೇಟಿ.

ನನ್ನದು ಮೈನಸ್ ಆರೂವರೆ. ಕನ್ನಡಕ ಇಲ್ಲದಿದ್ದರೆ ನನ್ನ ಕೈಬೆರಳು ಎಣಿಸಲು ಕೈಯನ್ನು ಮೂಗಿನ ಹತ್ತಿರ ತರಬೇಕು. ಎದ್ದು ಮೊದಲು ಗೈಡ್ ಮೇಲೆ ರೇಗಿದೆ. ಅವರು ಹೇಳಿದ್ದರು, ನಿಜ. ಆದರೆ ಗಟ್ಟಿಯಾಗಿ ಹೇಳಬಾರದಿತ್ತಾ? ಹಟ ಮಾಡಿ ಕಟ್ಟಿಸಬಾರದಿತ್ತಾ? ಪಾಪ, ಅವರು ಮೂರು ಸಲ ಮುಳುಗಿ ಹುಡುಕಿದರು. ಬರಿಗೈಯಲ್ಲಿ ಎದ್ದು ಬಂದು ಹೇಳಿದರು: "ಈ ನೀರಲ್ಲಿ ಫೋನ್ ಸಿಕ್ಕಿದೆ ಅಕ್ಕ, ಒಂದು ಸಲ ಹಲ್ಲು ಸೆಟ್ಟೇ ಸಿಕ್ಕಿದೆ. ಚಪ್ಪಲಿಗಂತೂ ಲೆಕ್ಕ ಇಲ್ಲ. ಕನ್ನಡಕ ಮಾತ್ರ ಸಿಗಲ್ಲ. ಅದರದ್ದೂ ನೀರಿನದ್ದೂ ಒಂದೇ ಬಣ್ಣ." ಮೇಡಂ ಹೋಗಿ ಅಕ್ಕ ಆಗಿದ್ದೆ. ಸಿಟ್ಟು ಅಲ್ಲೇ ಇಳಿಯಿತು. ಮಿಕ್ಕಿದ್ದು ನನ್ನ ಮೇಲೆ.

ಈಗ ಬೆಲೆ. ಫ್ರೇಮ್ 1,800. ಪವರ್ ಜಾಸ್ತಿ ಇರುವವರು ಮಾಮೂಲಿ ಲೆನ್ಸ್ ಹಾಕಿಸಿದರೆ ಅಂಚು ಸೋಡಾ ಬಾಟಲಿಯ ತಳದ ಹಾಗೆ ಕಾಣುತ್ತದೆ. ಅದಕ್ಕೆ ತೆಳ್ಳಗಿನದು ಹಾಕಿಸಬೇಕು, ಅದು 5,400. ಒಟ್ಟು 7,200. ಟ್ರಿಪ್ಪಿಗೆ ಕೊಟ್ಟ ದುಡ್ಡಿನ ಮೂರರಷ್ಟು, ಸರಿಯಾಗಿ ಮೂರರಷ್ಟು! ಅಂದರೆ ಇದೇ ಟ್ರಿಪ್ಪಿಗೆ ಇನ್ನೂ ಮೂರು ಸಲ ಬರಬಹುದಿತ್ತು, ಕನ್ನಡಕ ಮನೆಯಲ್ಲಿಟ್ಟು. ಹೇಗಿದ್ದರೂ ಕಾಣುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದರು, "ಅದು ಕಾವೇರಿ ನೀರೇ ಅಲ್ವೇನೇ, ನಮ್ಮ ನಲ್ಲೀಲಿ ಬರುತ್ತೇನೋ ನೋಡು." ತಮಾಷೆಗೆ ಅಂದರೂ ನಾನು ಮ್ಯಾಪ್ ತೆಗೆದು ನೋಡಿದೆ. ಆ ಆಸೆಯೂ ಇಲ್ಲ. ಬೆಂಗಳೂರಿಗೆ ನೀರು ತೆಗೆಯುವುದು ಶಿವನಸಮುದ್ರಕ್ಕಿಂತ ಮೇಲೆ. ಅಲ್ಲಿಂದ ತೊರೆಕಾಡನಹಳ್ಳಿಗೆ ಬಂದು, ಶುದ್ಧವಾಗಿ, ಸುಮಾರು ನೂರು ಕಿಲೋಮೀಟರ್ ಪಂಪ್ ಆಗಿ ನಮ್ಮ ಮನೆಗೆ ಬರುತ್ತದೆ. ನಾನು ಬಿದ್ದಿದ್ದು ಅದಕ್ಕಿಂತ ಕೆಳಗೆ. ಕನ್ನಡಕ ಮೇಕೆದಾಟು ದಾಟಿ, ಬಿಳಿಗುಂಡ್ಲು ದಾಟಿ, ಹೊಗೇನಕಲ್ ಹಾರಿ ಮೆಟ್ಟೂರು ಸೇರಬೇಕು. 2018ರ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ಅಳೆದು ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕು. ಅಳೆಯುವವರಲ್ಲಿ ನನ್ನದೊಂದು ಮನವಿ. ಈ ವರ್ಷದ ಲೆಕ್ಕದಲ್ಲಿ ಒಂದು ಕನ್ನಡಕವನ್ನೂ ಬರೆದುಕೊಳ್ಳಿ.

ಅಯ್ಯೋ, ಶಾಟ್ ಮುಗಿದೇ ಹೋಯಿತು. ಗುಹೆ ಬಂತು, ಬೇಗ ನೋಡಿ!

ನೋಡಿದಿರಾ? ಇಲ್ಲ ತಾನೇ. ಕತ್ತಲು ಎಂಟು ಸೆಕೆಂಡ್, ಟೈಮ್‌ಲೈನಿನಲ್ಲಿ ಎಣಿಸಿದ್ದೇನೆ. ಎರಡು ದೊಡ್ಡ ಬಂಡೆ ಒಂದಕ್ಕೊಂದು ಒರಗಿವೆ, ಮೇಲೆ ಮೂರನೆಯದು ಮುಚ್ಚಳದ ಹಾಗೆ ಕೂತಿದೆ, ಅಡಿಯಲ್ಲಿ ನದಿಯ ಒಂದು ಕವಲು ಹರಿಯುತ್ತದೆ. ಇದೇ ಪೋಸ್ಟರಿನ 'ಕೇವ್'. ಟಿಟಿಯಲ್ಲಿ ನಮ್ಮ ಹಿಂದೆ ಕೂತಿದ್ದವರು ಇದು ಮೋಸ, ದುಡ್ಡು ವಾಪಸ್ ಕೊಡಿ ಅಂತ ಜಗಳಕ್ಕೇ ನಿಂತರು. ನಾನೂ ಮೋಸ ಅಂತಲೇ ಹೇಳುತ್ತೇನೆ. ಬಂಡೆ ಸಂದಿಗೆ ಗುಹೆ ಅನ್ನಬಾರದು.

ಆದರೆ ಒಂದು ಮಾತು. ಆ ಎಂಟು ಸೆಕೆಂಡ್ ನನಗೆ ಬಹಳ ಇಷ್ಟವಾಯಿತು. ಒಳಗೆ ಹೋದ ತಕ್ಷಣ ತಣ್ಣಗೆ, ಬಾವಲಿ ವಾಸನೆ, ನೀರಿನ ಸದ್ದು ಕಿವಿಯೊಳಗೇ ಬಂದು ಕೂತ ಹಾಗೆ. ಮುಂದಿನ ಟ್ಯೂಬಿನಲ್ಲಿದ್ದ ತಮ್ಮ "ಅಕ್ಕಾ, ಏನೂ ಕಾಣ್ತಿಲ್ಲ ಕಣೇ!" ಅಂತ ಕಿರುಚುತ್ತಾನೆ, ಕೇಳಿಸಿತಲ್ಲ? ಅದಕ್ಕೆ ನಾನು ನಗುತ್ತಿರುವುದು. ಇಡೀ ದಿನದಲ್ಲಿ ಎಲ್ಲರಿಗೂ ನನ್ನಷ್ಟೇ ಕಂಡಿದ್ದು ಇಲ್ಲೊಂದೇ ಕಡೆ. ಇನ್ನೊಂದು ಸಲ ಬಿಡಿ ಅಂತ ಕೇಳಿ, ಟ್ಯೂಬ್ ಹೊತ್ತುಕೊಂಡು ಬಂಡೆ ಹತ್ತಿ ಮತ್ತೆ ಬಂದೆ. ಎರಡನೇ ಸಲ ಒಂಬತ್ತು ಸೆಕೆಂಡ್. ಹಾಗಾಗಿ ಮೋಸ ಅಂದಿದ್ದು ಅರ್ಧ ವಾಪಸ್. ಪೋಸ್ಟರ್ ಮೋಸ, ಬಂಡೆಯದ್ದೇನೂ ತಪ್ಪಿಲ್ಲ.

ಈಜು. ಇದು ಮಡು, ಮರಳಿನ ತಳ, ನೀರು ನಿಂತ ಹಾಗೇ ಇದೆ. ಹಗ್ಗ ಕಟ್ಟಿದ್ದಾರೆ, ಅದರಾಚೆ ಹೋಗುವ ಹಾಗಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಈಜುವುದು ಈಜೇ ಅಲ್ಲ, ತೇಲುವ ದಿಂಬಿನ ಒಳಗೆ ಒದ್ದಾಡುವುದು. ಜಯನಗರದ ಈಜುಕೊಳದಲ್ಲಿ ಎರಡು ಬೇಸಿಗೆ ಕಲಿತ ನನಗೆ ಅವಮಾನ ಆಯಿತು. ಬಿಚ್ಚುತ್ತೇನೆ ಅಂದೆ. ಗೈಡ್ ಅಣ್ಣ ಈ ಸಲ ಗಟ್ಟಿಯಾಗಿಯೇ ಹೇಳಿದರು.

ಇಲ್ಲಿ ಎಲ್ಲರೂ ಕೂಗುತ್ತಿದ್ದಾರೆ. "ಅಲ್ಲಿ ಅಲ್ಲಿ, ಬಂಡೆ ಪಕ್ಕ!" ನಾನೂ ಬಾಯಿ ತೆರೆದುಕೊಂಡು ಆ ಕಡೆ ನೋಡುತ್ತಿದ್ದೇನೆ, ನನಗೆ ಕಂಡಿದ್ದು ಕಂದು ಮೋಡ. ಈಗ ಜೂಮ್ ಮಾಡುತ್ತೇನೆ. ನೀರುನಾಯಿ! ಒಂದು, ಎರಡು, ಹಿಂದೆ ಇನ್ನೊಂದು ತಲೆ. ಮೊದಲನೆಯದರ ಬಾಯಲ್ಲಿ ಮೀನು, ಬಾಲ ಇನ್ನೂ ಹೊಡೆದುಕೊಳ್ಳುತ್ತಿದೆ. ಬಂಡೆ ಮೇಲೆ ಹತ್ತಿ ಮೈ ಕೊಡವಿತು, ಎಲ್ಲ ಕೂದಲೂ ಮುಳ್ಳಿನ ಹಾಗೆ ನಿಂತವು. ನಮ್ಮ ಕಡೆ ಒಮ್ಮೆ ನೋಡಿ, ತಲೆಯ ಕಡೆಯಿಂದ ಮೀನು ಕಚ್ಚಲು ಶುರು ಮಾಡಿತು. ನಿನ್ನೆ ರಾತ್ರಿ ಎರಡು ಗಂಟೆಗೆ ಇದನ್ನು ನೋಡಿ ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ. ತಮ್ಮನನ್ನು ಎಬ್ಬಿಸಿ ತೋರಿಸಿದರೆ, "ನಾನು ಅಲ್ಲೇ ನೋಡಿದ್ದೀನಿ, ಮಲಗೇ" ಅಂದ.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು, ಬೇಕಾದವರಿಗೆ ನಾಟಿ ಕೋಳಿ. ಮುದ್ದೆಗೆ ಕಣ್ಣು ಬೇಕಾಗಿಲ್ಲ. ಎರಡು ಇಳಿಸಿದೆ.

ವಾಪಸ್ ಬರುವಾಗ ಮುತ್ತತ್ತಿಯಲ್ಲಿ ನಿಲ್ಲಿಸಿದರು. ಇಲ್ಲಿಯ ಆಂಜನೇಯನಿಗೆ ಮುತ್ತತ್ತಿರಾಯ ಅಂತ ಹೆಸರು. ರಾಜ್‌ಕುಮಾರ್ ಅವರ ತಂದೆ ತಾಯಿ ಹರಕೆ ಹೊತ್ತಿದ್ದು ಈ ದೇವರಿಗೇ, ಅದಕ್ಕೇ ಅಣ್ಣಾವ್ರ ಮೊದಲಿನ ಹೆಸರು ಮುತ್ತುರಾಜ. ಊರಿನ ಕಥೆ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸೀತಮ್ಮ ಕಾವೇರಿಯಲ್ಲಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಹನುಮಂತ ಬಾಲದಲ್ಲಿ ನದಿಯನ್ನು ಕಲಕಿ ಆ ಮುತ್ತನ್ನು ಎತ್ತಿ ಕೊಟ್ಟನಂತೆ. ಮುತ್ತು ಎತ್ತಿದ ಜಾಗ ಮುತ್ತೆತ್ತಿ, ಅದು ಬಾಯಲ್ಲಿ ಮುತ್ತತ್ತಿ. ತಮ್ಮ ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಾ, "ಕೇಳ್ಕೋ ಅಕ್ಕ, ಇದಕ್ಕಿಂತ ಕರೆಕ್ಟ್ ಡಿಪಾರ್ಟ್‌ಮೆಂಟ್ ಸಿಗಲ್ಲ" ಅಂದ. ಕೇಳಿಕೊಂಡೆ. ಫ್ರೇಮ್ ಬೇಡ, ಲೆನ್ಸ್ ಸಾಕು ಅಂತ. ಎದುರಿಗೆ ಕಂಡಿದ್ದು ಒಂದು ಕೆಂಪು ಬೆಳಕು, ಅದರ ಸುತ್ತ ಹೂವಿನ ವಾಸನೆ. ಒಳಗೆ ಶೂಟ್ ಮಾಡಿಲ್ಲ, ಹಾಗಾಗಿ ಆ ದೇವರ ಮುಖ ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಮೀನು ಫ್ರೈ. ಮುಳ್ಳು ಕಾಣದವರು ತಿನ್ನಬಾರದು. ಇಷ್ಟು ಸಾಕು.

ರಾತ್ರಿ ಎಂಟೂವರೆಗೆ ಬನಶಂಕರಿ. ಸಿಗ್ನಲ್ ದೀಪವೆಲ್ಲ ನನಗೆ ಹಪ್ಪಳದಷ್ಟು ಅಗಲ. ಈಗ ಹಾಕಿಕೊಂಡಿರುವುದು 2019ರ ಕನ್ನಡಕ, ಒಂದು ಕಡ್ಡಿಗೆ ಟೇಪ್ ಸುತ್ತಿದೆ. ಹೊಸದು ಗುರುವಾರ ಬರುತ್ತದೆ. ದಾರ ಇದೆಯಲ್ಲ, 120 ರೂಪಾಯಿಯದು, ಅದು ಟಿಟಿಯಲ್ಲೇ ಉಳಿಯಿತು.

ಕೊನೆಯ ಕ್ಲಿಪ್ ತಮ್ಮನದು. ಹೊರಡುವಾಗ ನನಗೆ ಹೇಳದೆ ಹಿಂದಿನಿಂದ ತೆಗೆದಿದ್ದಾನೆ, ಹಾಕಲೇಬೇಕು ಅಂತ ಹಟ. ನಾನಿಲ್ಲಿ ಗೈಡ್ ಅಣ್ಣನಿಗೆ ಟಾಟಾ ಮಾಡುತ್ತಿದ್ದೇನೆ. ಎರಡೂ ಕೈಯಲ್ಲಿ. "ತುಂಬಾ ಥ್ಯಾಂಕ್ಸ್ ಅಣ್ಣ, ರೇಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಅಂತ ಕೂಗುತ್ತಿದ್ದೇನೆ. ಅವರು ಯಾಕೆ ಏನೂ ಮಾತಾಡಲಿಲ್ಲ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಜೂಮ್ ಮಾಡಿ. ಅದು ಕೋಲಿಗೆ ಒಣಗಲು ಹಾಕಿದ ಲೈಫ್ ಜಾಕೆಟ್. ಗೈಡ್ ಅಣ್ಣ ಈ ಕಡೆ, ನನ್ನ ಬೆನ್ನ ಹಿಂದೆ ಇದ್ದಾರೆ ನೋಡಿ. ಪಾಪ, ಅವರೂ ಕೈ ಎತ್ತಿದ್ದಾರೆ.