ದೇವಾಲಯದ ಸುತ್ತ ಆರು ಕಾಂಜಿ

ಕೇಳುಗರೇ, ನಮಸ್ಕಾರ.

ಜಪಾನಿ ಕಲಿಯುವ ಕನ್ನಡಿಗರಿಗೆ ವಾಕ್ಯರಚನೆ ಅಷ್ಟೇನೂ ಕಾಡುವುದಿಲ್ಲ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಎಲ್ಲ ನಮ್ಮಲ್ಲಿದ್ದ ಹಾಗೆಯೇ. ಕಷ್ಟವಾಗುವುದು ಕಾಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರಗಳು. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಅಲ್ಲಿನ ಮಕ್ಕಳು ಅವುಗಳಲ್ಲಿ 1026ನ್ನು ಕಲಿಯಲು ಪ್ರಾಥಮಿಕ ಶಾಲೆಯ ಆರು ವರ್ಷ ತೆಗೆದುಕೊಳ್ಳುತ್ತಾರೆ. ಅಷ್ಟು ಸಮಯವಿಲ್ಲದವರಿಗೆ ಕಥೆ ಕಟ್ಟಿ ನೆನಪಿಡುವ ವಿಧಾನ ಬಹಳ ಒಳ್ಳೆಯದು. ಆದರೆ ಕಥೆ ಸಡಿಲವಾದರೆ ಅದೇ ನಮ್ಮನ್ನು ತಪ್ಪು ಅಕ್ಷರಕ್ಕೆ ಕರೆದೊಯ್ಯುತ್ತದೆ.

ಕಾಗದ, ಪೆನ್ಸಿಲ್ ಹತ್ತಿರವಿರಲಿ. 'ತೆರ' ಎಂಬ ಕಾಂಜಿ ನೋಡೋಣ. ಅರ್ಥ ಬೌದ್ಧ ದೇವಾಲಯ, ಒಟ್ಟು ಆರು ಗೆರೆ. ಮೇಲಿನ ಮೂರು ಗೆರೆಯ ಭಾಗ 'ಮಣ್ಣು', ಕೆಳಗಿನ ಮೂರು ಗೆರೆಯದು 'ಸುನ್', ಅಂದರೆ ಸುಮಾರು ಮೂರು ಸೆಂಟಿಮೀಟರಿನ ಹಳೆಯ ಅಳತೆ. ಇದನ್ನು ಅಂಗುಲ ಎಂದು ಕರೆಯೋಣ. ಮಣ್ಣನ್ನು ಅಂಗುಲ ಅಂಗುಲ ಅಳೆದು ದೇವಾಲಯ ಕಟ್ಟಿದರು. ಇಂದು ಅಂಗುಲ ಎಂದ ಭಾಗವನ್ನು ನಾಳೆ ಕೈ ಎನ್ನಬಾರದು. ಒಂದು ಭಾಗಕ್ಕೆ ಒಂದೇ ಹೆಸರು.

ಈ ದೇವಾಲಯದ ಎಡಕ್ಕೆ ಸೂರ್ಯ ಬಂದರೆ 'ಸಮಯ'. ಹೊತ್ತು ಎಷ್ಟಾಯಿತೆಂದು ಊರಿಗೆ ತಿಳಿಸಲು ಹಿಂದೆ ದೇವಾಲಯದ ಗಂಟೆ ಬಾರಿಸುತ್ತಿದ್ದರು. ಕೈ ಬಂದರೆ 'ಹಿಡಿ', ಮಾತು ಬಂದರೆ 'ಕವಿತೆ'. ಹಸು ಬಂದರೆ 'ವಿಶೇಷ'. ಇದಕ್ಕೆ ನಮ್ಮ ಬಸವನಗುಡಿಯ ದೊಡ್ಡ ಬಸವಣ್ಣನನ್ನೇ ನೆನೆಯಿರಿ, ಬೇರೆ ಕಥೆ ಬೇಡ. ಮನುಷ್ಯ ಬಂದರೆ 'ಸಮುರಾಯಿ'. ದಾರಿಯ ಹೆಜ್ಜೆ ಬಂದರೆ 'ಕಾಯು'.

ಎಡವುವುದು ಈ ಕೊನೆಯ ಎರಡರಲ್ಲೇ. 'ಕಾಯು' ಎಂದೊಡನೆ, ದೇವಾಲಯದ ಮುಂದೆ ಒಬ್ಬ ಮನುಷ್ಯ ಕಾಯುತ್ತಿದ್ದಾನೆ ಎಂಬ ಕಥೆ ತಾನಾಗಿ ಹೊಳೆಯುತ್ತದೆ. ವಾರ ಕಳೆದು ಬರೆಯಲು ಕೂತರೆ ಕೈ ಮನುಷ್ಯನನ್ನೇ ಬರೆಯುತ್ತದೆ, ಕಾಗದದ ಮೇಲೆ ಸಮುರಾಯಿ ಮೂಡುತ್ತಾನೆ. ಎರಡಕ್ಕೂ ವ್ಯತ್ಯಾಸ ಒಂದೇ ಓರೆಗೆರೆ: ಮನುಷ್ಯನಿಗೆ ಒಂದು, ದಾರಿಗೆ ಎರಡು. ಹಾಗಾಗಿ 'ಕಾಯು' ಕಥೆಯಲ್ಲಿ ಜನರೇ ಇರಬಾರದು. ದೇವಾಲಯದವರೆಗೆ ಬಂದ ದಾರಿ ಬಾಗಿಲು ತೆರೆಯಲೆಂದು ಕಾದು ಬಿದ್ದಿದೆ, ಅಷ್ಟೇ. ಅಕ್ಷರದಲ್ಲಿ ಇಲ್ಲದ್ದು ಕಥೆಗೆ ಬರಬಾರದು, ಇರುವುದು ಬಿಟ್ಟುಹೋಗಬಾರದು.

ಈ ಕಥೆಗಳು ಅಕ್ಷರಗಳ ನಿಜವಾದ ಚರಿತ್ರೆಯಲ್ಲ. ಚೀನಾದಲ್ಲಿ ಈ ಅಕ್ಷರಗಳು ಹುಟ್ಟಿದಾಗ ದೇವಾಲಯದ ಭಾಗ ಮುಖ್ಯವಾಗಿ ಉಚ್ಚಾರಣೆಯನ್ನು ಸೂಚಿಸುತ್ತಿತ್ತು. ಆ ಸುಳಿವು ಇಂದಿಗೂ ಕೆಲಸಕ್ಕೆ ಬರುತ್ತದೆ. ದೇವಾಲಯಕ್ಕೆ 'ತೆರ' ಜಪಾನಿನದೇ ಉಚ್ಚಾರ, ಚೀನೀಮೂಲದ ಉಚ್ಚಾರ 'ಜಿ'. ಸಮಯ, ಹಿಡಿ, ಸಮುರಾಯಿ ಮೂರಕ್ಕೂ 'ಜಿ'. ಕವಿತೆಗೆ 'ಶಿ', ಸ್ವಲ್ಪ ಪಕ್ಕಕ್ಕೆ ಸರಿದಿದೆ. 'ಕಾಯು' ಮಾತ್ರ 'ತೈ', 'ವಿಶೇಷ' 'ತೊಕು'. ಗುಂಪಿಗೆ ಸೇರದ ಈ ಎರಡನ್ನಷ್ಟೇ ಬೇರೆಯಾಗಿ ಕಲಿತರೆ ಸಾಕು.

ಅಭ್ಯಾಸಕ್ಕೆ ದಿನಕ್ಕೆ ಎಂಟು ಹತ್ತು ಹೊಸ ಕಾಂಜಿ ಸಾಕು. ಚೀಟಿಯ ಒಂದು ಬದಿಗೆ ಕನ್ನಡ ಅರ್ಥ, ಇನ್ನೊಂದು ಬದಿಗೆ ಕಾಂಜಿ ಮತ್ತು ಕಥೆ. ಅರ್ಥ ನೋಡಿ ಕಾಂಜಿಯನ್ನು ಕೈಯಿಂದ ಬರೆಯಿರಿ. ಬರೀ ನೋಡಿ ಗುರುತಿಸಿದರೆ ಸಮುರಾಯಿಯ ಆ ಓರೆಗೆರೆ ಕಣ್ಣಿಗೆ ಬೀಳುವುದೇ ಇಲ್ಲ. ಮರುದಿನ, ಮೂರನೆಯ ದಿನ, ವಾರಕ್ಕೆ, ಹದಿನೈದು ದಿನಕ್ಕೆ ಮತ್ತೆ ನೋಡಿ. ತಪ್ಪಿದರೆ ಇಪ್ಪತ್ತು ಸಲ ತಿದ್ದಿ ಕೈ ನೋಯಿಸಿಕೊಳ್ಳಬೇಡಿ. ಯಾವ ಭಾಗ ಮರೆತಿತೋ ಹುಡುಕಿ, ಕಥೆಯಲ್ಲಿ ಆ ಭಾಗದ ಚಿತ್ರವನ್ನಷ್ಟೇ ಗಟ್ಟಿ ಮಾಡಿ.

ಪ್ರತಿ ಕಾಂಜಿಯ ಜೊತೆಗೆ ಒಂದು ಪದವನ್ನೂ ಚೀಟಿಗೆ ಸೇರಿಸಿ: ಸಮಯಕ್ಕೆ 'ಜಿಕಾನ್', ವಿಶೇಷಕ್ಕೆ 'ತೊಕುಬೆತ್ಸು', ಕವಿತೆಗೆ 'ಶಿಜಿನ್', ಅಂದರೆ ಕವಿ. ಓದುವಾಗ ಪದ ನೇರವಾಗಿ ಬಾಯಿಗೆ ಬರತೊಡಗಿದರೆ ಕಥೆಯನ್ನು ಬಿಟ್ಟುಬಿಡಿ, ಆ ಚೀಟಿಯನ್ನು ಕಟ್ಟಿನಿಂದ ತೆಗೆದಿಡಿ.