ಬೆನ್ನ ಹಿಂದಿನ ಕಠಾರಿ: ‘ಮರ್ಡರ್’ ಎಂಬ ಆಟದ ಕುರಿತು

ಆತ್ಮೀಯ ಸಭಿಕರೇ,

ಜರ್ಮನಿಯ ಸ್ಟುಡಿಯೊ ಜೋಯ್ಫ್ಟ್ಸ್ ರೂಪಿಸಿದ ‘ಮರ್ಡರ್’ ಎಂಬ ಪುಟ್ಟ ಬ್ರೌಸರ್ ಆಟದ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ರಾಜ ಮುಂದೆ ನಡೆಯುತ್ತಾನೆ; ಕಠಾರಿ ಮರೆಸಿಕೊಂಡ ಆಟಗಾರ ಅವನ ಬೆನ್ನ ಹಿಂದೆಯೇ ಇರುತ್ತಾನೆ. ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಇರಿತದ ಸಿದ್ಧತೆ ಬಲಿಯುತ್ತ ಹೋಗುತ್ತದೆ, ಆದರೆ ರಾಜ ತಿರುಗಿ ನೋಡುವಷ್ಟರಲ್ಲಿ ಬೆರಳು ತೆಗೆಯದಿದ್ದರೆ ಸೆರೆಮನೆಯೇ ಗತಿ. ಚಿತ್ರಗಳು ವ್ಯಂಗ್ಯಚಿತ್ರದ ಧಾಟಿಯಲ್ಲಿರುವುದರಿಂದ ರಾಜಹತ್ಯೆಯಂಥ ಘೋರ ಕೃತ್ಯವೂ ಇಲ್ಲಿ ನಗು ತರಿಸುತ್ತದೆ.

ಕದ್ದುಮುಚ್ಚಿ ಆಡುವ ಈ ಸ್ಟೆಲ್ತ್ ಪ್ರಕಾರಕ್ಕೆ ದೊಡ್ಡ ಪರಂಪರೆಯಿದೆ. 1981ರ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’, 1987ರ ‘ಮೆಟಲ್ ಗೇರ್’, ನೆರಳನ್ನೂ ಹೆಜ್ಜೆಸಪ್ಪಳವನ್ನೂ ಆಟದ ಜೀವಾಳವಾಗಿಸಿದ 1998ರ ‘ಥೀಫ್’ ಅದರ ಮುಖ್ಯ ಘಟ್ಟಗಳು. ಅವುಗಳಲ್ಲಿ ಆಟಗಾರ ಮೊದಲಿನಿಂದಲೂ ಅಡಗುವವನು, ಕಾವಲುಗಾರ ಹುಡುಕುವವನು. ‘ಮರ್ಡರ್’ನ ಹೆಚ್ಚುಗಾರಿಕೆ ಇರುವುದು ಈ ಸಂಬಂಧವನ್ನು ತಲೆಕೆಳಗು ಮಾಡುವುದರಲ್ಲಿ. ರಾಜನನ್ನು ಕೊಂದವನೇ ಮುಂದಿನ ರಾಜ. ಈಗ ಅವನ ಬೆನ್ನ ಹಿಂದೆ ಇನ್ನೊಬ್ಬ ನಡೆದುಬರುತ್ತಾನೆ, ತಿರುಗಿ ನೋಡುವ ಕೆಲಸ ನಮ್ಮದಾಗುತ್ತದೆ. ಚೀಟಿ ಎತ್ತಿ ರಾಜ, ಮಂತ್ರಿ, ಕಳ್ಳ, ಪೊಲೀಸ್ ಆಗುವ ನಮ್ಮ ಮಕ್ಕಳ ಆಟದಲ್ಲಿ ಪಾತ್ರ ಬದಲಾಗುವುದು ಅದೃಷ್ಟದಿಂದ. ಇಲ್ಲಿ ಅದು ಬದಲಾಗುವುದು ಆಡುವವನ ಸ್ವಂತ ಕೃತ್ಯದಿಂದ. ತಾನು ಹೇಗೆ ಇಲ್ಲಿಗೆ ಬಂದೆನೆಂಬುದು ಗೊತ್ತಿರುವುದರಿಂದಲೇ ಹೊಸ ರಾಜನಿಗೆ ಯಾರನ್ನೂ ನಂಬಲಾಗದು. ಒಂದು ಮಾತನ್ನೂ ಆಡದೆ, ಬರೀ ನಿಯಮದಿಂದಲೇ ಆಟಗಾರನ ಮನಸ್ಸಿನಲ್ಲಿ ಈ ಅಳುಕನ್ನು ಹುಟ್ಟಿಸುವುದು ನನ್ನ ಪಾಲಿಗೆ ಅಪ್ಪಟ ಕಲೆ.

ಇದು ಕೇವಲ ಕಲ್ಪನೆಯೆಂದು ತಳ್ಳಿಹಾಕುವವರು ವಿಜಯನಗರದ ಸಂಗಮ ವಂಶದ ಕೊನೆಯ ದಿನಗಳನ್ನು ನೋಡಬೇಕು. ಸುಮಾರು 1485ರಲ್ಲಿ ಎರಡನೆಯ ವಿರೂಪಾಕ್ಷನನ್ನು ಅವನ ಹಿರಿಯ ಮಗನೇ ಕೊಂದ. ಮುಂದಿನ ಶತಮಾನದಲ್ಲಿ ವಿಜಯನಗರದ ಕಥನವನ್ನು ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಹೇಳುವಂತೆ, ಪಟ್ಟ ತನಗೇ ಸಲ್ಲಬೇಕಾದದ್ದಾದರೂ ತಂದೆಯನ್ನು ಕೊಂದ ತಾನು ಅದಕ್ಕೆ ಯೋಗ್ಯನಲ್ಲವೆಂದು ಆ ಮಗ ಸಿಂಹಾಸನವನ್ನು ತಮ್ಮನಿಗೆ ಬಿಟ್ಟುಕೊಟ್ಟ. ತಂದೆಯನ್ನೇ ಕೊಂದವನು ತಮ್ಮನನ್ನು ಉಳಿಸುವನೇ ಎಂಬ ಭಯ ಹುಟ್ಟಿತು. ಆ ತಮ್ಮನೇ ಅಣ್ಣನನ್ನು ಮುಗಿಸಿದ. ಬಳಿಕ ವಿಜಯನಗರದ ಪ್ರಬಲ ಸಾಮಂತ ಸಾಳುವ ನರಸಿಂಹನ ದಂಡನಾಯಕ ಪಟ್ಟ ಕಸಿಯಲು ಅರಮನೆಗೆ ನುಗ್ಗಿದಾಗ ತಡೆಯುವ ಕಾವಲುಗಾರರೇ ಇರಲಿಲ್ಲ, ಆ ರಾಜ ಓಡಿಹೋಗಬೇಕಾಯಿತು.

ಕನ್ನಡದಲ್ಲಿ ಆಟಗಳನ್ನು ಕಟ್ಟಲು ಹೊರಟಿರುವ ತರುಣರಿಗೆ ಈ ಪ್ರಸಂಗವನ್ನು ನಾನು ಒತ್ತಾಯಪೂರ್ವಕವಾಗಿ ಸೂಚಿಸುತ್ತೇನೆ. ಅದರಲ್ಲಿ ಕಿರೀಟ ಒಲ್ಲೆನೆಂದವನೂ ಬೆನ್ನ ಹಿಂದೆ ತಿರುಗಿ ನೋಡುತ್ತಲೇ ಇರಬೇಕಾಗುತ್ತದೆ.